ಸೀಬೆಕಾಯಿ ಕೊಯ್ದ ಚಾಕು

"ಮುಟ್ಟಬೇಡಿ, ನೋಡಿ ಅಷ್ಟೇ" ಎಂದು ತೆಲುಗಿನಲ್ಲಿ ಹೇಳುತ್ತ ಇನ್‌ಸ್ಪೆಕ್ಟರು ಸೀಲು ಮಾಡಿದ ಪ್ಲಾಸ್ಟಿಕ್ ಚೀಲವನ್ನು ನನ್ನ ಕಡೆ ತಳ್ಳಿದರು.

ಮುಟ್ಟುವ ಆಸೆ ಯಾರಿಗಿತ್ತು? ವಿಜಯವಾಡದ ಆ ಠಾಣೆಯ ಮೆಟ್ಟಿಲು ಹತ್ತುವಾಗಲೇ ವಾಪಸು ಹೋಗಿಬಿಡಲೇ ಅನಿಸಿತ್ತು. ಸಾಕ್ಷಿ ಹೇಳಲು ಬಂದವನು ಹೆದರಬಾರದು ಎನ್ನುತ್ತಾರೆ. ನಾನು ಚಿಕ್ಕಂದಿನಿಂದ ಹೆದರಿಕೊಂಡೇ ಬಂದವನು. ಅರವತ್ತು ದಾಟಿದ ಮೇಲೆ ಹೊಸ ಅಭ್ಯಾಸ ಕಲಿಯಲು ಆಗುವುದಿಲ್ಲ.

ಚೀಲದೊಳಗೆ ಹಸಿರು ಹಿಡಿಯ ಮಡಿಚುವ ಚಾಕು ಬಿಚ್ಚಿಕೊಂಡು ಮಲಗಿತ್ತು. ಅದು ಸಿಕ್ಕಿದ್ದು ಈಗ ಜೈಲಿನಲ್ಲಿರುವ ನನ್ನ ಅಳಿಯ ಶ್ರೇಯಸ್‌ನ ಜೇಬಿನಲ್ಲಿ. ದುರ್ಗಾಷ್ಟಮಿಯ ದಿನ ವಿಜಯವಾಡದ ಪಕ್ಕದ ಗನ್ನವರಂನ ಲಾಡ್ಜೊಂದರಲ್ಲಿ ಇರಿತಕ್ಕೆ ಸತ್ತ ಕ್ರೇನ್ ಕಾಂಟ್ರಾಕ್ಟರ್ ಕೆಂಪಣ್ಣನ ರಕ್ತ ಅದರ ಕೀಲಿನ ಸಂದಿಯಲ್ಲಿದೆ ಎಂದು ಲ್ಯಾಬಿನವರು ಬರೆದುಕೊಟ್ಟಿದ್ದರು. ಮಡಿಚುವ ಚಾಕುವಿನ ಗುಣವೇ ಅದು. ಹೊರಗೆ ಎಷ್ಟು ತೊಳೆದರೂ ಕೀಲಿನೊಳಗೆ ಹೋದದ್ದು ಅಲ್ಲೇ ಕೂತಿರುತ್ತದೆ.

ಯಾರದ್ದು ಎಂದು ಇನ್‌ಸ್ಪೆಕ್ಟರು ಕೇಳಿದರು. ಅಳಿಯನದ್ದೇ, ನಾನೇ ಆರಿಸಿ ಕೊಡಿಸಿದ್ದು ಎಂದೆ. ಸುಳ್ಳು ಹೇಳಲು ಧೈರ್ಯ ಬೇಕು, ಅದು ನನ್ನಲ್ಲಿಲ್ಲ.

ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯಲ್ಲಿ ಲೋಹ ಪರೀಕ್ಷೆ ಮಾಡಿಕೊಂಡು ರಿಟೈರಾದ ಕೃಷ್ಣಪ್ರಸಾದನಿಗೆ, ಅಂದರೆ ನನಗೆ, ಚಾಕುವಿನ ಹುಚ್ಚು ಎಂಬುದು ಅಲ್ಲಿಯ ಕನ್ನಡಿಗರಿಗೆಲ್ಲ ಗೊತ್ತು. ಜೇಬಿಗೊಂದು ಚಾಕು ಆರಿಸುವಾಗ ಜನ ಮೊದಲು ಹೊಳಪು ನೋಡುತ್ತಾರೆ, ಆಮೇಲೆ ಉದ್ದ ನೋಡುತ್ತಾರೆ. ಎರಡೂ ದಂಡ. ನೋಡಬೇಕಾದದ್ದು ಉಕ್ಕು. ತೀರಾ ಗಟ್ಟಿಯಾದರೆ ಬಾಯಿ ಚಕ್ಕೆ ಏಳುತ್ತದೆ, ಮೆತ್ತಗಾದರೆ ಬೇಗ ಮೊಂಡಾಗುತ್ತದೆ. ಬಿಚ್ಚಿದ ಕೂಡಲೆ ಟಕ್ಕೆಂದು ಲಾಕ್ ಬೀಳಬೇಕು, ಇಲ್ಲವಾದರೆ ನಿಮ್ಮ ಬೆರಳಿನ ಮೇಲೆಯೇ ಮಡಿಚಿಕೊಳ್ಳುತ್ತದೆ. ಜೇಬು ಜೋತು ಬೀಳುವಷ್ಟು ಭಾರ ಇರಕೂಡದು.

ಹೀಗೆ ಅಳೆದು ಸುರಿದು ಒಂದೇ ಜಾತಿಯ ಮೂರು ಚಾಕು ಒಟ್ಟಿಗೆ ತರಿಸಿದ್ದೆ. ಅಲಗು ಮೂರಕ್ಕೂ ಒಂದೇ. ಹಿಡಿಯ ಎರಡು ಪಕ್ಕಕ್ಕೆ ಸಣ್ಣ ಸ್ಕ್ರೂಗಳಿಂದ ಕೂರಿಸಿದ ಪಟ್ಟಿಗಳು ಮಾತ್ರ ಬೇರೆ. ಕಂದು ಮರದ ಪಟ್ಟಿಯದು ನನಗೆ, ಹಸಿರಿನದು ಅಳಿಯನಿಗೆ, ಕಪ್ಪಿನದು ನನ್ನ ಗೆಳೆಯ ಮಂಜಪ್ಪನಿಗೆ.

ಚೀಲವನ್ನು ಟ್ಯೂಬ್‌ಲೈಟಿನ ಕಡೆ ಓರೆ ಮಾಡಿದೆ. ಚಾಕುವಿನ ಬಾಯಿ ದಪ್ಪಗೆ, ಒರಟಾಗಿತ್ತು. ಸ್ಕ್ರೂಗಳ ತಲೆ ಕೆತ್ತಿಹೋಗಿತ್ತು. ನವರಾತ್ರಿಗೆ ಮುಂಚೆ ನಾನು ಅಳಿಯನಿಗೆ ಮಸೆದುಕೊಟ್ಟದ್ದು ಕಾಗದದ ಅಂಚಿನಂಥ ತೆಳು ಬಾಯಿ. ನನಗೆ ಬಂದದ್ದು ಸಿಟ್ಟು. ಈ ಮಹಾರಾಯ ಯಾವುದೋ ಕಲ್ಲಿಗೆ ಉಜ್ಜಿ ನನ್ನ ಶ್ರಮವನ್ನೆಲ್ಲ ಮಣ್ಣುಪಾಲು ಮಾಡಿದ್ದಾನೆ, ಸಾಲದ್ದಕ್ಕೆ ಸ್ಕ್ರೂ ಬಿಚ್ಚಿ ಆಟವಾಡಿದ್ದಾನೆ ಅಂದುಕೊಂಡೆ. ಅಳಿಯನ ಬಗ್ಗೆ ನನ್ನ ಅಭಿಪ್ರಾಯ ಗುಟ್ಟೇನಲ್ಲ. ಔಷಧ ಕಂಪನಿಯಲ್ಲಿ ದೊಡ್ಡ ಕೆಲಸ, ಮನೆಯಲ್ಲಿ ಒಂದು ಬಲ್ಬು ತಿರುಗಿಸಲು ಬಾರದು.

ಆ ಸಿಟ್ಟಿನಲ್ಲೇ ಸಹಿ ಹಾಕಿದೆ. ಇನ್‌ಸ್ಪೆಕ್ಟರು ಹಾಳೆಯನ್ನು ಮಡಿಚಿಟ್ಟುಕೊಂಡು, ಸೋಮವಾರ ಚಾರ್ಜ್‌ಶೀಟು ಕೋರ್ಟಿಗೆ ಹೋಗುತ್ತದೆ, ನಿಮ್ಮ ಮಾತೊಂದು ಬಾಕಿ ಇತ್ತು ಎಂದರು. ಅವರಿಗೆ ಅನುಮಾನವೇ ಉಳಿದಿರಲಿಲ್ಲ. ಅಷ್ಟಮಿಯ ದಿನ ಶ್ರೇಯಸ್ ವಿಜಯವಾಡಕ್ಕೆ ಹೋಗಿ ಬಂದಿದ್ದ. ಹೋದ ವರ್ಷದ ರಾಜ್ಯೋತ್ಸವದಲ್ಲಿ ಮೈಕಿನ ವಿಚಾರಕ್ಕೆ ಕೆಂಪಣ್ಣನ ಕೊರಳಪಟ್ಟಿ ಹಿಡಿದದ್ದನ್ನು ಇಡೀ ಕನ್ನಡ ಸಂಘ ನೋಡಿತ್ತು.

ಹೊರಗೆ ಬೆಂಚಿನ ಮೇಲೆ ಮಂಜಪ್ಪ ಕಾಯುತ್ತಿದ್ದ. ಅದೇ ಕಾರ್ಖಾನೆಯ ಕ್ರೇನ್ ವಿಭಾಗದಲ್ಲಿದ್ದವನು, ದಾವಣಗೆರೆ ಕಡೆಯವನು, ಈಗ ಭೀಮ್ಲಿ ಎಂದು ಕರೆಯುವ ಭೀಮುನಿಪಟ್ಟಣದಲ್ಲಿ ಸಮುದ್ರದ ಹತ್ತಿರ ಮನೆ ಮಾಡಿಕೊಂಡಿದ್ದಾನೆ. ನಾನೊಬ್ಬನೇ ಠಾಣೆಗೆ ಹೋಗಲು ಹೆದರುತ್ತೇನೆಂದು ತನ್ನ ಕಾರಿನಲ್ಲಿ ಕರೆತಂದಿದ್ದ. ಅಂಥ ಗೆಳೆಯ.

"ಮುಗೀತೇನ್ರೀ ಪ್ರಸಾದಣ್ಣ? ಬರ್ರಿ, ಹೋಗಾಣ" ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟ.

ಆ ಕೈಯ ಬಿಸಿಗೆ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಏಲೂರು ದಾಟಿದ ಮೇಲೆ ಹೆದ್ದಾರಿಯ ಬದಿಯಲ್ಲಿ ಒಬ್ಬಾಕೆ ಸೀಬೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮಂಜಪ್ಪ ಕಾರು ನಿಲ್ಲಿಸಿ ಇಳಿದು, ತೆಲುಗಿನಲ್ಲಿ ಜಾಮಕಾಯ ಜಾಮಕಾಯ ಎಂದು ಚೌಕಾಸಿ ಮಾಡಿ, ಒಂದಷ್ಟು ಆರಿಸಿ ತಂದ. ನಾನು ಬೆಳಗಿನಿಂದ ಏನೂ ತಿಂದಿಲ್ಲವೆಂದು ಬೈದ. ಆಮೇಲೆ ಪ್ಯಾಂಟಿನ ಜೇಬಿನಿಂದ ಕಪ್ಪು ಹಿಡಿಯ ಚಾಕು ತೆಗೆದು, ಟಕ್ಕೆಂದು ಬಿಚ್ಚಿ, ತೊಡೆಯ ಮೇಲೆ ಪೇಪರು ಹಾಸಿಕೊಂಡು ಕಾಯಿ ಕೊಯ್ಯತೊಡಗಿದ.

ಚಾಕು ಸದ್ದಿಲ್ಲದೆ ಇಳಿಯಿತು. ಒಂದು ತೆಳು ಹೋಳು ಪೇಪರಿನ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು ಬಿತ್ತು. ಬೀಜದ ಭಾಗದಲ್ಲೂ ಎಲ್ಲೂ ತಡೆಯಲಿಲ್ಲ.

ನಾನು ನೋಡುತ್ತ ಕೂತೆ. ಎಲ್ಲೋ ಏನೋ ತಪ್ಪಿದೆ ಎನಿಸಿತು, ಏನೆಂದು ಹೊಳೆಯಲಿಲ್ಲ.

ಮಂಜಪ್ಪನ ಚಾಕು ಹಣ್ಣು ಕೊಯ್ಯುವುದಿಲ್ಲ. ಕೊಯ್ಯಬಾರದು. ಅವನಿಗೆ ಬೇಕಾದದ್ದು ನೈಲಾನ್ ಹಗ್ಗ, ಲೋಡು ಕಟ್ಟುವ ಬೆಲ್ಟು ಕತ್ತರಿಸಲು. ಹಗ್ಗಕ್ಕೆ ತೆಳು ಬಾಯಿ ಇಟ್ಟರೆ ನಾಲ್ಕು ಎಳೆತಕ್ಕೆ ಮಡಿಚಿ ಹೋಗುತ್ತದೆ. ಅದಕ್ಕೇ ಪ್ರತಿ ವರ್ಷ ಅವನ ಅಲಗನ್ನು ಮಸೆಗಲ್ಲಿನ ಮೇಲೆ ಎತ್ತರಿಸಿ ಹಿಡಿದು, ಒರಟು ಮುಖದಲ್ಲೇ ಉಜ್ಜಿ, ನಯ ಮಾಡದೆ ಬಿಡುತ್ತೇನೆ. ಆ ಒರಟಿನ ಸಣ್ಣ ಹಲ್ಲುಗಳೇ ಹಗ್ಗವನ್ನು ಕಚ್ಚುವುದು. ಅಂಥ ಚಾಕುವನ್ನು ಸೀಬೆಗೆ ಹಾಕಿದರೆ ಅರ್ಧಕ್ಕೆ ಹೋಗಿ ಕಾಯಿ ಚಟ್ಟೆಂದು ಸೀಳುತ್ತದೆ. ನಿನ್ನ ಚಾಕು ಕೊಡಲಿಯ ತಮ್ಮ ಎಂದು ಎಷ್ಟು ಸಲ ರೇಗಿಸಿದ್ದೇನೋ.

ಅಳಿಯನದ್ದನ್ನು ಮಾತ್ರ ಅಲಗು ಮಲಗಿಸಿ, ನೀರು ಬಿಟ್ಟು, ನಯವಾದ ಕಲ್ಲಿನಲ್ಲಿ ತಾಳ್ಮೆಯಿಂದ ಮಸೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿಗೆ ತೀಡಿ ಕೊಡುತ್ತೇನೆ. ಅವನು ಕೊಯ್ಯುವುದು ಹಣ್ಣು ಮತ್ತು ಕೊರಿಯರ್ ಡಬ್ಬ.

ಮಂಜಪ್ಪ ಚಾಕುವನ್ನು ಕಾರಿನ ಮುಂದಿನ ಗಾಜಿನ ಕೆಳಗಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು, ತಗೊಳ್ರಿ, ನಿಮಗೆ ಬೇಕಾದಷ್ಟು ಕೊಯ್ಕೊಳ್ರಿ ಎಂದ. ನಮ್ಮವರು ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದಂತೆ. ಇಟ್ಟದ್ದನ್ನು ಎತ್ತಿಕೊಂಡೆ. ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಮೆಲ್ಲಗೆ ಸವರಿದೆ. ಪೇಪರಿನ ಅಂಚಿಗೆ ತಾಗಿಸಿದೆ. ಒಂದು ಎಳೆಯಷ್ಟು ಅಗಲದ ಪಟ್ಟಿ ತಾನಾಗಿ ಬಿಟ್ಟುಕೊಂಡಿತು.

ಅದು ನನ್ನ ಕೈಯ ಕೆಲಸ. ಅಳಿಯನಿಗೆ ಮಾಡಿಕೊಟ್ಟ ಕೆಲಸ. ಕಪ್ಪು ಪಟ್ಟಿಯ ಸ್ಕ್ರೂಗಳ ತಲೆಯೂ ಕೆತ್ತಿಹೋಗಿತ್ತು.



ನವಮಿಯ ಆಯುಧಪೂಜೆ ನಡೆದದ್ದು ನಮ್ಮ ಮನೆಯಲ್ಲೇ. ಮಣೆಯ ಮೇಲೆ ನನ್ನ ಸ್ಪ್ಯಾನರುಗಳು, ಮಗಳ ಲ್ಯಾಪ್‌ಟಾಪು, ಮೂರು ಚಾಕು. ಆ ಬೆಳಿಗ್ಗೆ ಮಂಜಪ್ಪ ವಿಜಯವಾಡದಿಂದ ಬಂದಿದ್ದ. ಅಷ್ಟಮಿಗೆ ಅಲ್ಲಿ ದುರ್ಗಮ್ಮನ ಗುಡ್ಡ ಇಂದ್ರಕೀಲಾದ್ರಿಗೆ ಹೋಗಿದ್ದೆ, ಅಮ್ಮನವರ ದರ್ಶನ ಚೆನ್ನಾಗಾಯಿತು ಎಂದು ಲಾಡು ಕೊಟ್ಟಿದ್ದ. ಗುಡ್ಡದಿಂದ ತಂದ ಕುಂಕುಮವನ್ನು ತಾನೇ ಚಾಕುಗಳ ಮೇಲೆಲ್ಲ ಧಾರಾಳವಾಗಿ ಹಚ್ಚಿದ್ದ. ಅವನ ಭಕ್ತಿ ನೋಡಿ ನನಗೆ ನಾಚಿಕೆಯಾಗಿತ್ತು.

ಪೂಜೆಗಿಟ್ಟ ಆಯುಧವನ್ನು ಆ ರಾತ್ರಿ ಯಾರೂ ಮುಟ್ಟಬಾರದು ಎಂಬುದು ನಮ್ಮಮ್ಮನ ಕಾಲದ ಕಟ್ಟು. ನಾನೇ ಎಲ್ಲರಿಗೂ ಹೇಳಿ, ಮಣೆ ಇದ್ದ ಹಾಲಿನ ದೀಪ ಆರಿಸಿ ಮಲಗಿದ್ದೆ. ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದವನು ಮಂಜಪ್ಪ. ಮುಟ್ಟಬಾರದ್ದನ್ನು ಯಾರು ಕಾಯುತ್ತಾರೆ? ಅವನಿಗೆ ಬೇಕಾದದ್ದು ಒಂದು ಸಣ್ಣ ಸ್ಕ್ರೂಡ್ರೈವರು. ಕೊಂದ ಚಾಕುವಿಗೆ ಹಸಿರು ಪಟ್ಟಿ, ಅಳಿಯನ ಚಾಕುವಿಗೆ ಕಪ್ಪು ಪಟ್ಟಿ. ದಶಮಿಯ ಬೆಳಿಗ್ಗೆ ಶ್ರೇಯಸ್ ಕುಂಕುಮ ಒರೆಸಿ, ಕೊಲೆಯ ಚಾಕುವನ್ನು ತನ್ನದೆಂದು ತಾನೇ ಎತ್ತಿ ಜೇಬಿಗೆ ಹಾಕಿಕೊಂಡ. ಪಕ್ಕದಲ್ಲಿ ನಾನು ನಿಂತಿದ್ದೆ. ಬೇಲಿಯೇ ಎದ್ದು ಹೊಲ ಮೇದಿತ್ತು.

ಹಿಡಿ ಬದಲಾಯಿಸಿದರೆ ಚಾಕು ಬದಲಾಯಿತು ಅಂದುಕೊಂಡಿದ್ದ ಮಂಜಪ್ಪ. ತನ್ನ ಚಾಕುವನ್ನು ಅವನು ಒಮ್ಮೆಯೂ ಮಸೆದವನಲ್ಲ.

ನಾನು ಸಹಿ ಹಾಕಿ ಬಂದಿದ್ದೆ. ಸೋಮವಾರದೊಳಗೆ ಈ ಕಪ್ಪು ಚಾಕು ಆ ಇನ್‌ಸ್ಪೆಕ್ಟರ ಮೇಜಿನ ಮೇಲೆ, ಆ ಹಸಿರು ಚಾಕುವಿನ ಪಕ್ಕದಲ್ಲಿ ಇರದಿದ್ದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಅಳಿಯನನ್ನು ಉಳಿಸಲು ಮಾವ ಕಟ್ಟಿದ ಕಥೆ ಅನ್ನುತ್ತಾರೆ. ಮಗಳು ಏಳು ತಿಂಗಳ ಬಸುರಿ. ಆ ಮಗು ಅಪ್ಪನನ್ನು ನೋಡಬೇಕಾದರೆ ಈ ಚಾಕು ನನ್ನ ಹತ್ತಿರ ಇರಬೇಕು.

ಸೀಬೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡೆ. ನಾಲಿಗೆ ಒಣಗಿ ಅದು ಒಳಗೆ ಇಳಿಯಲಿಲ್ಲ. ಮಂಜಪ್ಪ ಕಾರು ಹೊರಡಿಸಲು ಕನ್ನಡಿ ನೋಡುತ್ತಿದ್ದಾಗ ಚಾಕುವನ್ನು ಮಡಿಚಿ, ಕಿಟಕಿಯ ಕಡೆಯ ಜೇಬಿಗೆ, ನನ್ನ ಕಂದು ಚಾಕುವಿನ ಪಕ್ಕಕ್ಕೆ ಇಳಿಸಿದೆ.

ತಣುಕು ಊರು ಬಂತು. ನಾನು ಹೊರಗಿನ ಗದ್ದೆಗಳನ್ನು ನೋಡುವಂತೆ ನಟಿಸಿದೆ. ಜೇಬಿನ ಮೇಲಿಟ್ಟ ಕೈ ಬೆವೆತು ಪ್ಯಾಂಟು ಒದ್ದೆಯಾಯಿತು.

"ಚಾಕು ಎಲ್ಲಿ ಪ್ರಸಾದಣ್ಣ?"

ಮರೆತು ಜೇಬಿಗೆ ಹಾಕಿಕೊಂಡೆ, ಮನೆಗೆ ಹೋಗಿ ಕೊಡುತ್ತೇನೆ, ಸ್ವಲ್ಪ ಮೊಂಡಾಗಿದೆ, ಮಸೆಯಬೇಕು ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನು ನಕ್ಕ. "ಈಗಷ್ಟೇ ಪೇಪರ್ ಕೊಯ್ದ್ರಲ್ರೀ, ಮೊಂಡ ಹೆಂಗಾತು? ನಿಮ್ಮ ಮುಖ ನೋಡಿದ್ರ ಸಾಕು, ಎಲ್ಲ ಅದ್ರಾಗೇ ಬರದಿರ್ತೈತಿ."

ನಾನು ಬಾಗಿಲಿನ ಹಿಡಿಕೆ ನೋಡಿದೆ. ಸ್ಪೀಡು ನೂರು ದಾಟಿತ್ತು. ಲಾರಿಗಳು ಭೋರೆಂದು ಹಿಂದಕ್ಕೆ ಸರಿಯುತ್ತಿದ್ದವು. ಹಾರಿದರೆ ಸಾಯುತ್ತೇನೆ, ಕೂತರೂ ಅದೇ.

ಆಮೇಲೆ ಮಂಜಪ್ಪ ಸಮಾಧಾನವಾಗಿ, ಮದುವೆ ಮಾತುಕತೆಗೆ ಕೂತವನ ಹಾಗೆ ಮಾತಾಡಿದ. ಕೆಂಪಣ್ಣ ಎಂಥವನೆಂದು ನನಗೆ ಗೊತ್ತಿಲ್ಲವಂತೆ. ಗೊತ್ತಿದ್ದರೆ ನಾನೇ ಚಾಕು ಮಸೆದು ಕೊಡುತ್ತಿದ್ದೆನಂತೆ. ಶ್ರೇಯಸ್ ಚಿಕ್ಕ ವಯಸ್ಸಿನವನು, ಒಳ್ಳೆ ಲಾಯರು ಹಿಡಿದರೆ ಇವತ್ತಲ್ಲ ನಾಳೆ ಹೊರಗೆ ಬರುತ್ತಾನೆ, ತನಗೆ ಅಷ್ಟು ಆಯಸ್ಸು ಉಳಿದಿಲ್ಲ ಎಂದ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು ಹೀಗೆ ಲೆಕ್ಕ ಹಾಕುತ್ತಿದ್ದ. ಅವನ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಅದೇ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮಗಳು ತನುಶ್ರೀ. ಸ್ಪೀಕರ್ ಹಾಕ್ರಿ ಎಂದು ಮಂಜಪ್ಪ ಕಣ್ಣಿನಲ್ಲೇ ಹೇಳಿದ.

"ಅಪ್ಪಾ, ಎಲ್ಲಿದೀರಿ? ನಾನು ಭೀಮ್ಲಿಗೆ ಬಂದಿದೀನಿ, ಸುಶೀಲಾ ಆಂಟಿ ಮನೆಗೆ. ಪೊದ್ದುನ್ನೇ, ನೀವು ಹೊರಟ ಮೇಲೆ, ಆಂಟಿ ಆಟೋ ತಗೊಂಡು ಬಂದು ಇಲ್ಲಿಗೆ ಕರ್ಕೊಂಡು ಬಂದ್ರು. ಒಬ್ಳೇ ಇರಬೇಡ ಅಂದ್ರು."

ಸುಶೀಲಾ ಮಂಜಪ್ಪನ ಹೆಂಡತಿ. ನನ್ನ ಮಗಳಿಗೆ ಜಡೆ ಹಾಕಿ ಬೆಳೆಸಿದವಳು. ಬೆಳಿಗ್ಗೆ ನಾವು ಇತ್ತ ಹೊರಟ ಮೇಲೆ ಆಕೆ ಅತ್ತ ಹೋಗಿದ್ದಳು. ಅದು ಅಕ್ಕರೆಯೋ, ಗಂಡ ಹೇಳಿದ ಕೆಲಸವೋ, ನನಗೆ ತಿಳಿಯಲಿಲ್ಲ.

"ಊಟ ಆಯ್ತಾ ಮಗಳೇ?" ಎಂದು ಮಂಜಪ್ಪ ಅಕ್ಕರೆಯಿಂದ ಕೇಳಿದ. ಆಯ್ತು ಮಾವ, ಆಂಟಿ ಗೊಂಗೂರ ಸೊಪ್ಪಿನ ಪಲ್ಯ ಮಾಡಿದ್ದರು ಎಂದಳು. ಸಹಿ ಮಾಡಿದಿರಾ ಎಂದು ನನ್ನನ್ನು ಕೇಳಿದಳು. ಬಂದು ಹೇಳುತ್ತೇನಮ್ಮ, ಇಡುತ್ತೇನೆ ಎಂದೆ. ನಡುಗುವ ಬೆರಳಿನಿಂದ ಪರದೆ ಒತ್ತಿ ಫೋನನ್ನು ಅಂಗಿಯ ಜೇಬಿಗೆ ಹಾಕಿದೆ.

ಮಂಜಪ್ಪ ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದ.

"ತನು ನಮ್ಮ ಮನ್ಯಾಗ ಆರಾಮ ಅದಾಳ" ಎಂದ. "ಹೆರಿಗಿ ಆಗೋ ಮಟ ಅಲ್ಲೇ ಇರ್ಲಿ. ನೀವು ಬಾಯಿ ಮುಚ್ಕಂಡಿದ್ರ ಆಕಿ ಆರಾಮ ಇರ್ತಾಳ."

ಅದಕ್ಕಿಂತ ಬಿಡಿಸಿ ಹೇಳುವುದು ಏನೂ ಇರಲಿಲ್ಲ.

ಮುಂದೆ ಗೋದಾವರಿ ಸೇತುವೆ ಬರುತ್ತದೆ, ಜನ ಕೈಮುಗಿದು ಕಾಸು ಹಾಕುತ್ತಾರೆ, ನೀವು ಆ ಚಾಕು ಹಾಕಿಬಿಡಿ ಎಂದ. ಇಬ್ಬರಿಗೂ ಪುಣ್ಯ ಬರುತ್ತದೆ ಎಂದು ಸೇರಿಸಿದ.

ಸೇತುವೆ ಬಂದೇ ಬಂತು. ಮಂಜಪ್ಪ ವೇಗ ತಗ್ಗಿಸಿ ನನ್ನ ಕಡೆಯ ಗಾಜು ತಾನೇ ಇಳಿಸಿದ. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಅಗಲವಾದ ನೀರು, ನಡುವೆ ಮರಳು ದಿಬ್ಬಗಳು. ಹಿಂದಿನಿಂದ ಬಸ್ಸೊಂದು ಹಾರ್ನ್ ಬಾರಿಸಿತು.

ಎಡಗೈ ಜೇಬಿಗೆ ಹಾಕಿದೆ. ಎರಡು ಚಾಕುಗಳು ಬೆರಳಿಗೆ ಸಿಕ್ಕವು, ಒಂದೇ ಉದ್ದ, ಒಂದೇ ತೂಕ. ಒಂದನ್ನು ಎಸೆದರೆ ಅಳಿಯ ಹೋದ. ಎಸೆಯದಿದ್ದರೆ ಮಗಳು. ಹೆಬ್ಬೆರಳು ತಾನಾಗಿಯೇ ಹುಡುಕಿತು. ಒಂದರ ಮೈ ತಣ್ಣಗೆ, ಗೀರುಗೀರಾಗಿತ್ತು. ಇನ್ನೊಂದು ನುಣುಪಾದ ಮರ.

ಮರದ್ದನ್ನು ಮುಷ್ಟಿಯೊಳಗೆ ಮುಚ್ಚಿ ಹೊರತೆಗೆದು, ಇದ್ದ ಬಲವನ್ನೆಲ್ಲ ಹಾಕಿ ಕಂಬಿಯ ಆಚೆಗೆ ಬೀಸಿದೆ. ಏನೋ ಒಂದು ಬಿಸಿಲಿಗೆ ಮಿಂಚಿ ಕೆಳಗೆ ಹೋಯಿತು.

ಇಷ್ಟು ದೊಡ್ಡ ಮೋಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಮಂಜಪ್ಪ ಒಮ್ಮೆ ಹೊರಳಿ ನೋಡಿ ಮತ್ತೆ ರಸ್ತೆಯ ಕಡೆ ತಿರುಗಿದ. ಗಾಜು ಮೇಲಕ್ಕೆ ಬಂತು. ನಾನು ಉಸಿರು ಬಿಟ್ಟೆ. ಗೆದ್ದೆ ಅಂದುಕೊಂಡೆ ಎಂದು ಹೇಳಿಕೊಳ್ಳಲು ಈಗ ನಗು ಬರುತ್ತದೆ, ಅಳುವೂ ಬರುತ್ತದೆ.

ಸೇತುವೆ ದಾಟಿದ ಮೇಲೆ ಅವನು ಕಾರನ್ನು ಹೆದ್ದಾರಿಯಿಂದ ಇಳಿಸಿ, ಬಾಳೆತೋಟಗಳ ನಡುವಿನ ಮಣ್ಣು ದಾರಿಯಲ್ಲಿ ಸ್ವಲ್ಪ ದೂರ ಹೋಗಿ ನಿಲ್ಲಿಸಿದ. ಇಂಜಿನ್ ಆರಿಸಿದ. ಎರಡೂ ಕಡೆ ಬಾಳೆ ಎಲೆ ಬಿಟ್ಟರೆ ಒಬ್ಬ ಮನುಷ್ಯನಿಲ್ಲ.

ಅವನು ನನ್ನ ಕಡೆ ಪೂರ್ತಿ ತಿರುಗಿ ಕೂತ. ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

"ಈಗ ನಿಮ್ಮ ಚಾಕು ತೋರಿಸ್ರಿ, ಪ್ರಸಾದಣ್ಣ. ಕಂದು ಹಿಡೀದು."

ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದೆ. ಚಾಕು ಇಲ್ಲದೆ ನಾನು ಸ್ನಾನಕ್ಕೂ ಹೋಗುವವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನ ಕೈ ನನ್ನ ಜೇಬಿನ ಕಡೆ ಬಂತು. ನಾನು ಬಾಗಿಲಿಗೆ ಒತ್ತಿಕೊಂಡೆ. ಜೇಬಿನ ಬಾಯನ್ನು ಎರಡೂ ಕೈಯಿಂದ ಮುಚ್ಚಿಕೊಂಡೆ. ಮಗಳ ಮುಖ ಕಣ್ಣೆದುರಿಗೆ ಬಂತು. ಕೈ ತಾನಾಗಿ ಸಡಿಲವಾಯಿತು. ಕೊಟ್ಟುಬಿಡೋಣ, ಅವಳು ಬದುಕಿದರೆ ಸಾಕು ಎಂದು ಚಾಕುವನ್ನು ಅರ್ಧ ಹೊರಗೆ ತೆಗೆದೆ.

"ಅಪ್ಪಾ, ಕೊಡಬೇಡಿ."

ದನಿ ಬಂದದ್ದು ನನ್ನ ಎದೆಯಿಂದ. ಅಂಗಿಯ ಜೇಬಿನಿಂದ. ನಡುಗುವ ಬೆರಳು ಫೋನನ್ನು ಆರಿಸಿಯೇ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗಿನ ಪ್ರತಿ ಮಾತನ್ನೂ ನನ್ನ ಮಗಳು, ಆ ಮನೆಯೊಳಗೆ ಕೂತು, ಉಸಿರು ಬಿಗಿಹಿಡಿದು ಕೇಳಿಸಿಕೊಂಡಿದ್ದಳು.

ಮಂಜಪ್ಪನ ಕೈ ಗಾಳಿಯಲ್ಲೇ ನಿಂತಿತು.

ಫೋನಿನೊಳಗೆ ಬಾಗಿಲು ತೆರೆದ ಸದ್ದಾಯಿತು. ಹತ್ತಿರ ಬಂದ ಹೆಜ್ಜೆ ನಿಂತಿತು. ಸುಶೀಲಳ ಮೆತ್ತನೆಯ ದನಿ ಕೇಳಿಸಿತು.

"ಫೋನು ಇಲ್ಲಿ ಕೊಡು ತನು. ಹೊರಬಾಗಿಲಿಗೆ ಚಿಲಕ ಹಾಕಿ ಬಂದೀನಿ, ನೀ ಎಲ್ಲೂ ಹೋಗಂಗಿಲ್ಲ."